ಮುಗಿಯೋ ದಿನ ಅಲ್ಲ, ಮಾತಾಡೋ ದಿನ: ಅಂಗಡಿ ಕರಾರಿಗೊಂದು ಎಕ್ಸೆಲ್ ಶೀಟ್

 

ಇವತ್ತಿನ ವಿಷಯ ಕೇಳಿದ್ರೆ ಕೆಲವರು ಸ್ಕಿಪ್ ಮಾಡ್ಬಹುದು. ಎಕ್ಸೆಲ್ ಶೀಟಲ್ಲಿ ಅಂಗಡಿ ಬಾಡಿಗೆ ಕರಾರುಗಳ ಲೆಕ್ಕ ಇಡೋದು ಹೇಗೆ ಅಂತ. ಐದು ನಿಮಿಷ ಕೇಳಿ, ಆಮೇಲೆ ಬೇಕಾದ್ರೆ ಸ್ಕಿಪ್ ಮಾಡಿ. ಯಾಕಂದ್ರೆ ಈ ವಿಷಯದಲ್ಲಿ ನಾನೊಂದು ತಪ್ಪು ಮಾಡಿದ್ದೀನಿ. ಆ ತಪ್ಪಿಗೆ ಬೆಲೆ ಕೊಟ್ಟಿದ್ದು ನಾನಲ್ಲ, ನಮ್ಮ ಸೋದರಮಾವ.

ಮಾವಂದು ಸ್ಟೀಲ್ ಪಾತ್ರೆ ಅಂಗಡಿ. ಮೊದಲು ತುಮಕೂರಲ್ಲಿ ಒಂದೇ ಇತ್ತು. ಆಮೇಲೆ ಗುಬ್ಬೀಲಿ ಒಂದು, ಕುಣಿಗಲ್‌ನಲ್ಲಿ ಒಂದು. ಮೂರು ಊರು, ಮೂರು ಮಳಿಗೆ, ಮೂರೂ ಬಾಡಿಗೆಗೆ. ನಾನು ಬಿಕಾಂ ಮುಗಿಸಿದ ಮೇಲೆ ಮನೆಯಲ್ಲಿ ಎಲ್ಲರ ಲೆಕ್ಕನೂ ನನ್ನ ತಲೆಗೆ ಬಂತು. ಬಿಕಾಂ ಓದಿರೋರ ಕಷ್ಟ ನಿಮಗೆ ಗೊತ್ತಲ್ಲ, "ನೀನು ಕಾಮರ್ಸ್ ಅಲ್ವಾ, ಸ್ವಲ್ಪ ನೋಡು" ಅಂತಾರೆ. ಮಾವ ಒಂದು ಪ್ಲಾಸ್ಟಿಕ್ ಕವರ್ ತುಂಬ ಕಾಗದ ತಂದು ನನ್ನ ಮುಂದೆ ಇಟ್ಟರು. ಮೂರೂ ಕರಾರು ಪತ್ರ ಅದರಲ್ಲೇ ಇತ್ತು. ನಾನು ಒಂದು ಶೀಟ್ ಮಾಡ್ಕೊಟ್ಟೆ. ಮಳಿಗೆ ಯಾವುದು, ಬಾಡಿಗೆ ಎಷ್ಟು, ಅಡ್ವಾನ್ಸ್ ಎಷ್ಟು, ಕರಾರು ಮುಗಿಯೋದು ಯಾವಾಗ. ಮುಗಿಯೋಕೆ 30 ದಿನ ಇದ್ದಾಗ ಆ ಸಾಲು ಕೆಂಪಾಗೋ ಹಾಗೆ ಫಾರ್ಮುಲಾ ಹಾಕ್ದೆ. ಮಾವ ಅದನ್ನ ಫೋನಲ್ಲಿ ಎಲ್ಲರಿಗೂ ತೋರಿಸ್ಕೊಂಡು ಓಡಾಡಿದ್ರು.

ಗುಬ್ಬಿ ಮಳಿಗೆ ಕರಾರು ಐದು ವರ್ಷದ್ದು. 2018ರ ನವೆಂಬರ್ 1ಕ್ಕೆ ಶುರು, 2023ರ ಅಕ್ಟೋಬರ್ 31ಕ್ಕೆ ಕೊನೆ. 2023ರ ಅಕ್ಟೋಬರ್ ಮೊದಲ ವಾರ ಆ ಸಾಲು ಕೆಂಪಾಯ್ತು. ನನಗೆ ಖುಷಿ. ಫಾರ್ಮುಲಾ ಕೆಲಸ ಮಾಡ್ತಿದೆ! ಮಾವನಿಗೆ ಫೋನ್ ಮಾಡಿದೆ. ಮಾವ ಮಳಿಗೆ ಮಾಲೀಕರಿಗೆ ಫೋನ್ ಮಾಡಿದ್ರು. ಅವರು ಬೈಯಲಿಲ್ಲ, ಜಗಳ ಆಡಲಿಲ್ಲ. ಸಮಾಧಾನವಾಗೇ ಹೇಳಿದ್ರು: "ನೀವು ಜುಲೈ ಒಳಗೆ ಹೇಳ್ತೀರ ಅಂತ ಕಾದೆ. ಹೇಳ್ಲಿಲ್ಲ. ಬೇರೆಯವರಿಗೆ ಮಾತು ಕೊಟ್ಟುಬಿಟ್ಟಿದ್ದೀನಿ."

ಕರಾರು ತೆಗೆದು ನೋಡಿದೆ. ನಾಲ್ಕನೇ ಪುಟದಲ್ಲಿ ಇತ್ತು. ಬಾಡಿಗೆದಾರರು ಅವಧಿ ಮುಗಿಯೋಕೆ ಮೂರು ತಿಂಗಳು ಮುಂಚೆ ಬರವಣಿಗೆಯಲ್ಲಿ ತಿಳಿಸಿದ್ರೆ ಇನ್ನೂ ಮೂರು ವರ್ಷ ಮುಂದುವರಿಸ್ಕೊಳ್ಳೋ ಹಕ್ಕು ಇದೆ ಅಂತ. ಹಕ್ಕು ಇತ್ತು. ಜುಲೈ 31ಕ್ಕೆ ಅದು ಹೋಗಿತ್ತು. ನನ್ನ ಶೀಟ್ ಕೆಂಪಾಗಿದ್ದು ಎರಡು ತಿಂಗಳು ಆದಮೇಲೆ.

ಆ ವರ್ಷ ದೀಪಾವಳಿ ನವೆಂಬರ್ 12ಕ್ಕೆ. ಪಾತ್ರೆ ಅಂಗಡಿಗೆ ದೀಪಾವಳಿ, ಆಮೇಲೆ ಬರೋ ಮದುವೆ ಸೀಸನ್ ಅಂದ್ರೆ ಏನು ಅಂತ ವ್ಯಾಪಾರ ಮಾಡೋರಿಗೆ ಗೊತ್ತು. ಅದಕ್ಕೆ ಅಂತಲೇ ಸ್ಟಾಕ್ ತಂದು ತುಂಬಿಸಿದ್ದರು. ಅಕ್ಟೋಬರ್ 30ರ ರಾತ್ರಿ ಎರಡು ಟೆಂಪೋ ತಂದು ಪಾತ್ರೆ ಎಲ್ಲಾ ತುಂಬಿದ್ವಿ. ಗುಬ್ಬಿ ವೀರಣ್ಣನವರ ಊರದು. ಮಾವ ಕೊಪ್ಪರಿಗೆ ಎತ್ತಿ ಕೊಡ್ತಾ, "ನಮ್ಮ ಕಂಪನಿನೂ ಕ್ಯಾಂಪ್ ಎತ್ತಿತು ಬಿಡಪ್ಪ" ಅಂತ ನಕ್ಕರು. ಹತ್ತು ಹೆಜ್ಜೆ ಆಚೆ ಅಂಗಡೀಲಿ ಕೆಲಸ ಮಾಡ್ತಿದ್ದ ಅಕ್ಕ ನಿಂತಿದ್ರು. ಗುಬ್ಬಿಯವರು, ತುಮಕೂರಿಗೆ ದಿನಾ ಬಂದು ಹೋಗೋಕೆ ಅವರಿಗೆ ಆಗ್ತಿರಲಿಲ್ಲ. ಅವರಿಗೆ ಆ ದಿನ ಕೆಲಸ ಹೋಯ್ತು.

ವಾಪಸ್ ಬರೋವಾಗ ಮಾವ "ನಿನ್ ತಪ್ಪಲ್ಲ ಬಿಡು" ಅಂದ್ರು. ಬಿ.ಎಚ್. ರಸ್ತೇಲಿ ಗುಬ್ಬಿಯಿಂದ ತುಮಕೂರಿಗೆ ಸುಮಾರು 20 ಕಿಲೋಮೀಟರ್. ಅಷ್ಟೂ ದೂರ ನಾನು ಮಾತಾಡ್ಲಿಲ್ಲ. ತಪ್ಪು ನಂದೇ ಅಂತ ನನಗೆ ಗೊತ್ತಿತ್ತು. ಫಾರ್ಮುಲಾ ಸರಿಯಾಗೇ ಇತ್ತು. ನಾನು ಅದಕ್ಕೆ ಕೇಳಿದ ಪ್ರಶ್ನೆ ತಪ್ಪಾಗಿತ್ತು. "ಕರಾರು ಯಾವತ್ತು ಮುಗಿಯುತ್ತೆ?" ಅಂತ ಕೇಳಿದ್ದೆ. "ನಾವು ಯಾವತ್ತು ಬಾಯಿ ಬಿಡಬೇಕು?" ಅಂತ ಕೇಳಬೇಕಿತ್ತು.

ಇವತ್ತಿನ ಎಪಿಸೋಡಲ್ಲಿ ನೆನಪಿಟ್ಟುಕೊಳ್ಳಬೇಕಾದ್ದು ಇದೊಂದೇ. ಮುಗಿಯೋ ದಿನ ಅಲ್ಲ, ಮಾತಾಡೋ ದಿನ. ಉಳಿದಿದ್ದೆಲ್ಲ ಇದನ್ನ ಶೀಟಲ್ಲಿ ಹೇಗೆ ತರೋದು ಅನ್ನೋದು.

ಫಾರ್ಮುಲಾಗೆ ಹೋಗೋ ಮುಂಚೆ ಪದದ ಗೊಂದಲ ಒಂದು ಬಗೆಹರಿಸ್ತೀನಿ. ನಮ್ಮ ಕಡೆ "ಮನೆ ಲೀಸಿಗೆ ಹಾಕ್ಕೊಂಡಿದ್ದೀವಿ" ಅಂದ್ರೆ ಒಂದೇ ಸಲ ದೊಡ್ಡ ದುಡ್ಡು ಕೊಟ್ಟು, ತಿಂಗಳ ಬಾಡಿಗೆ ಇಲ್ಲದೆ ಇರೋದು, ಅಂದ್ರೆ ಭೋಗ್ಯ. ನಾನು ಇವತ್ತು ಹೇಳ್ತಿರೋದು ಅದಲ್ಲ. ಅಡ್ವಾನ್ಸ್ ಕೊಟ್ಟು, ತಿಂಗಳ ಬಾಡಿಗೆ ಕಟ್ಕೊಂಡು, ಇಂತಿಷ್ಟು ಅವಧಿಗೆ ಅಂತ ಬರೆಸ್ಕೊಳ್ಳೋ ಅಂಗಡಿ ಕರಾರು.

ಇದರಲ್ಲಿ ನಮ್ಮ ಊರುಗಳಲ್ಲಿ ಮೂರು ಥರ ಕಾಣುತ್ತೆ. ಒಂದು, 11 ತಿಂಗಳ ಕರಾರು. ಯಾಕೆ 11? 1908ರ ನೋಂದಣಿ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಒಂದು ವರ್ಷ ಮೀರಿದ ಗುತ್ತಿಗೆಯನ್ನ ಸಬ್ ರಿಜಿಸ್ಟ್ರಾರ್ ಆಫೀಸಲ್ಲಿ ನೋಂದಣಿ ಮಾಡಿಸಲೇಬೇಕು. ಆ ಓಡಾಟ, ಖರ್ಚು ತಪ್ಪಿಸೋಕೆ 11. ಎರಡು, ಮೂರು ವರ್ಷ ಐದು ವರ್ಷಕ್ಕೆ ನೋಂದಣಿ ಮಾಡಿಸಿದ ಕರಾರು. ಮೂರನೇದು ಸ್ವಲ್ಪ ಅಪಾಯದ್ದು. ಐದು ವರ್ಷ ಅಂತ ಛಾಪಾ ಕಾಗದದಲ್ಲಿ ಬರೆದಿರುತ್ತೆ, ಸಹಿ ಇರುತ್ತೆ, ಸಾಕ್ಷಿ ಇರುತ್ತೆ, ನೋಂದಣಿ ಮಾತ್ರ ಇರಲ್ಲ. ಆ ಐದು ವರ್ಷ ಅನ್ನೋ ಮಾತಿಗೆ ಕೋರ್ಟಲ್ಲಿ ಬಲ ಇರಲ್ಲ. ಸಾಮಾನ್ಯವಾಗಿ ಅದನ್ನ ತಿಂಗಳಿಂದ ತಿಂಗಳಿಗೆ ನಡೆಯೋ ಬಾಡಿಗೆ ಅಂತಾನೇ ನೋಡ್ತಾರೆ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 106ನೇ ಸೆಕ್ಷನ್ ಪ್ರಕಾರ ಅಂಥ ಅಂಗಡಿ ಬಾಡಿಗೆಗೆ 15 ದಿನದ ನೋಟಿಸ್ ಸಾಕು. ಅದಕ್ಕೇ ನನ್ನ ಹೊಸ ಶೀಟಲ್ಲಿ "ನೋಂದಣಿ ಆಗಿದ್ಯಾ?" ಅಂತ ಒಂದು ಕಾಲಂ ಇದೆ. ಅಲ್ಲಿ "ಇಲ್ಲ" ಅಂತ ಇದ್ದು, ಅವಧಿ 12 ತಿಂಗಳಿಗಿಂತ ಜಾಸ್ತಿ ಇದ್ರೆ, ಮುಗಿಯೋ ದಿನ ಎಷ್ಟು ದೂರ ಇದ್ರೂ ನಂಬೋ ಹಾಗಿಲ್ಲ.

ಈಗ ಶೀಟ್. ಪಾಡ್‌ಕಾಸ್ಟಲ್ಲಿ ತೋರಿಸೋಕೆ ಆಗಲ್ಲ, ಓದಿ ಹೇಳ್ತೀನಿ. ಎಕ್ಸೆಲ್ ಆದ್ರೂ ಸರಿ, ಗೂಗಲ್ ಶೀಟ್ಸ್ ಆದ್ರೂ ಸರಿ.

ಎ ಕಾಲಂನಲ್ಲಿ ಮಳಿಗೆ ಹೆಸರು. ಬಿ ಕಾಲಂನಲ್ಲಿ ಶುರುವಾದ ತಾರೀಖು. ಸಿ ಕಾಲಂನಲ್ಲಿ ಅವಧಿ, ವರ್ಷದಲ್ಲಿ ಅಲ್ಲ, ತಿಂಗಳಲ್ಲಿ. ಐದು ವರ್ಷ ಅಂದ್ರೆ 60 ಅಂತ ಹಾಕಿ. ಡಿ ಕಾಲಂ ಮುಗಿಯೋ ದಿನ. ಇದನ್ನ ಕೈಯಲ್ಲಿ ಟೈಪ್ ಮಾಡ್ಬೇಡಿ, ಫಾರ್ಮುಲಾ ಬರೀಲಿ. ಈಕ್ವಲ್ ಟು, ಇಡೇಟ್, ಇ-ಡಿ-ಎ-ಟಿ-ಇ, ಬ್ರಾಕೆಟ್ ಶುರು, ಬಿ2, ಕಾಮಾ, ಸಿ2, ಬ್ರಾಕೆಟ್ ಮುಗೀತು, ಮೈನಸ್ 1. ಇಡೇಟ್ ಕೆಲಸ ಇಷ್ಟೇ, ಒಂದು ತಾರೀಖಿಗೆ ಇಷ್ಟು ತಿಂಗಳು ಸೇರಿಸಿದ್ರೆ ಯಾವ ತಾರೀಖು ಬರುತ್ತೆ ಅಂತ ಹೇಳುತ್ತೆ. 2018ರ ನವೆಂಬರ್ 1ಕ್ಕೆ 60 ತಿಂಗಳು ಸೇರಿಸಿದ್ರೆ 2023ರ ನವೆಂಬರ್ 1. ನಮ್ಮ ಕೊನೇ ದಿನ ಅದರ ಹಿಂದಿನ ದಿನ, ಅದಕ್ಕೆ ಮೈನಸ್ 1.

ಈ ಮೈನಸ್ 1 ಬಗ್ಗೆ ಒಂದು ಮಾತು. ಕರಾರಲ್ಲಿ ಕೊನೇ ದಿನ ಬರೆಯದೆ, ಸುಮ್ನೆ "ಇಂಥಾ ತಾರೀಖಿಂದ ಐದು ವರ್ಷ" ಅಂತ ಇದ್ರೆ, ಸ್ವತ್ತು ವರ್ಗಾವಣೆ ಕಾಯ್ದೆಯ 110ನೇ ಸೆಕ್ಷನ್ ಶುರುವಿನ ದಿನವನ್ನ ಲೆಕ್ಕದಿಂದ ಬಿಟ್ಟು ಎಣಿಸುತ್ತೆ. ಆಗ ಮೈನಸ್ 1 ಬೇಡ. ಒಂದು ದಿನದ ವ್ಯತ್ಯಾಸ, ಆದರೆ ಜಗಳ ಶುರುವಾಗೋಕೆ ಒಂದು ದಿನ ಸಾಕು. ಕರಾರು ಬರೆಸೋವಾಗಲೇ ಶುರು ತಾರೀಖು, ಕೊನೇ ತಾರೀಖು ಎರಡನ್ನೂ ಬರೆಸಿ. ಶೀಟಲ್ಲಿ ಬಂದ ತಾರೀಖನ್ನ ಕಾಗದದ ಜೊತೆ ಒಂದ್ಸಲ ತಾಳೆ ನೋಡಿ.

11 ತಿಂಗಳ ಕರಾರಿಗೆ ಇಡೇಟ್ ಇನ್ನೂ ಮುಖ್ಯ. ನಮ್ಮ ತುಮಕೂರು ಮಳಿಗೆ ಹಾಗೇ ಇತ್ತು. 2023ರ ಏಪ್ರಿಲ್ 1ಕ್ಕೆ ಶುರುವಾದದ್ದು 2024ರ ಫೆಬ್ರವರಿ 29ಕ್ಕೆ ಮುಗಿಯುತ್ತೆ. ಲೀಪ್ ವರ್ಷ, ಕೈಯಲ್ಲಿ ಬರೆದಿದ್ರೆ ನಾನು 28 ಅಂತಿದ್ದೆ. ಮತ್ತೆ ಮಾರ್ಚ್ 1ಕ್ಕೆ ಹೊಸದು ಮಾಡಿಸಿದ್ರೆ 2025ರ ಜನವರಿ 31ಕ್ಕೆ ಕೊನೆ. ಆಮೇಲಿನದು 2025ರ ಡಿಸೆಂಬರ್ 31. ನೋಡಿ, ಪ್ರತಿ ಸಲನೂ ಒಂದು ತಿಂಗಳು ಹಿಂದಕ್ಕೆ ಜಾರುತ್ತೆ. "ಯುಗಾದಿ ಹೊತ್ತಿಗೆ ಅಗ್ರಿಮೆಂಟು" ಅಂತ ಮನಸ್ಸಲ್ಲಿ ಇಟ್ಕೊಂಡಿರೋ ಅಪ್ಪಂದಿರಿಗೆ ಇದು ಗೊತ್ತೇ ಆಗಲ್ಲ.

ಈಗ ಮುಖ್ಯವಾದ ಕಾಲಂಗಳು. ಇ ಕಾಲಂನಲ್ಲಿ ಎಷ್ಟು ಮುಂಚೆ ತಿಳಿಸಬೇಕು ಅನ್ನೋದು. ಎಫ್ ಕಾಲಂ, ಮಾತಾಡೋ ದಿನ. ಇಲ್ಲೊಂದು ಸೂಕ್ಷ್ಮ ಇದೆ. ಕರಾರಲ್ಲಿ "90 ದಿನ" ಅಂತ ಇದ್ದರೆ ಡಿ2 ಮೈನಸ್ 90. "ಮೂರು ತಿಂಗಳು" ಅಂತ ಇದ್ದರೆ ಇಡೇಟ್, ಬ್ರಾಕೆಟಲ್ಲಿ ಡಿ2, ಕಾಮಾ, ಮೈನಸ್ 3. ಇಡೇಟ್ ಹಿಂದಕ್ಕೂ ಎಣಿಸುತ್ತೆ. ಎರಡೂ ಒಂದೇ ಅಲ್ವಾ ಅಂತೀರಾ? 2023ರ ಅಕ್ಟೋಬರ್ 31ರಿಂದ 90 ದಿನ ಹಿಂದೆ ಹೋದ್ರೆ ಆಗಸ್ಟ್ 2. ಮೂರು ತಿಂಗಳು ಹಿಂದೆ ಹೋದ್ರೆ ಜುಲೈ 31. ಎರಡು ದಿನ ವ್ಯತ್ಯಾಸ. ಕಾಗದದಲ್ಲಿ ಯಾವ ಪದ ಇದೆಯೋ ಶೀಟಲ್ಲೂ ಅದೇ ಲೆಕ್ಕ ಇರಲಿ.

ಜಿ ಕಾಲಂ, ಇನ್ನೆಷ್ಟು ದಿನ ಇದೆ ಅಂತ. ಎಫ್2 ಮೈನಸ್ ಟುಡೇ. ಟುಡೇ ಅಂತ ಬರೆದು ಬ್ರಾಕೆಟ್ ತೆರೆದು ಮುಚ್ಚಿ, ಒಳಗೆ ಏನೂ ಬೇಡ. ಗಮನಿಸಿ, ಎಫ್ ಇಂದ ಕಳೀಬೇಕು, ಡಿ ಇಂದ ಅಲ್ಲ. ಗುಬ್ಬಿ ಅಂಗಡಿ ಹೋಗಿದ್ದು ಈ ಒಂದು ಅಕ್ಷರದಲ್ಲಿ.

ಎಚ್ ಕಾಲಂನಲ್ಲಿ ಶೀಟ್ ಕನ್ನಡದಲ್ಲೇ ಮಾತಾಡ್ಲಿ. ಇಫ್ ಒಳಗೆ ಇಫ್ ಹಾಕ್ತಾ ಹೋಗೋದು. ಮೊದಲು ಡಿ2 ನಿಜವಾದ ತಾರೀಖಾ ಅಂತ ಈಸ್‌ನಂಬರ್ ಇಂದ ನೋಡಿ, ಅಲ್ಲದಿದ್ರೆ "ತಾರೀಖು ಸರಿಯಿಲ್ಲ". ಆಮೇಲೆ ಡಿ2 ಇವತ್ತಿಗಿಂತ ಹಿಂದೆ ಇದ್ರೆ "ಮುಗಿದಿದೆ". ಎಫ್2 ಇವತ್ತಿಗಿಂತ ಹಿಂದೆ ಇದ್ರೆ "ಮಾತಾಡೋ ದಿನ ದಾಟಿದೆ". ಜಿ2 60ಕ್ಕಿಂತ ಕಮ್ಮಿ ಇದ್ರೆ "ಈಗ ಮಾತಾಡಿ". ಇದ್ಯಾವುದೂ ಅಲ್ಲದಿದ್ರೆ "ಟೈಮ್ ಇದೆ". ಇದೇ ಕ್ರಮದಲ್ಲಿ ಬರಬೇಕು. ಆಮೇಲೆ ಕಂಡೀಷನಲ್ ಫಾರ್ಮ್ಯಾಟಿಂಗಲ್ಲಿ "ಈಗ ಮಾತಾಡಿ"ಗೆ ಹಳದಿ, ದಾಟಿದ್ದಕ್ಕೆ ಮುಗಿದಿದ್ದಕ್ಕೆ ಕೆಂಪು.

ಬಾಡಿಗೆ ಏರಿಕೆಗೂ ಒಂದು ಕಾಲಂ ಮಾಡ್ಕೋಬಹುದು. ವರ್ಷಕ್ಕೆ 5 ಪರ್ಸೆಂಟ್ ಅಂತ ಇದ್ರೆ 12,000 ಬಾಡಿಗೆ ಎರಡನೇ ವರ್ಷ 12,600, ಮೂರನೇ ವರ್ಷ 13,230. ಎಷ್ಟು ವರ್ಷ ತುಂಬಿದೆ ಅಂತ ಡೇಟ್‌ಡಿಫ್ ಫಾರ್ಮುಲಾ ಹೇಳುತ್ತೆ. ಅದನ್ನ ಘಾತವಾಗಿ ಹಾಕಿದ್ರೆ ಈ ತಿಂಗಳ ಬಾಡಿಗೆ ತಾನೇ ಬರುತ್ತೆ.

ಎಚ್ ಕಾಲಂನಲ್ಲಿ ಮೊದಲನೇ ಪರೀಕ್ಷೆ, ಆ ಈಸ್‌ನಂಬರ್, ಯಾಕೆ ಹಾಕಿದೆ ಅಂತ ಕೇಳಿ. ಅದು ಕುಣಿಗಲ್ ಕಥೆ.

ಕುಣಿಗಲ್ ಅಂದ್ರೆ ಎಲ್ಲರಿಗೂ ದೊಡ್ಡ ಕೆರೆ ನೆನಪಾಗುತ್ತೆ, ಆಮೇಲೆ ಕುದುರೆ ಫಾರಂ. ಕುಣಿಗಲ್ ಸ್ಟಡ್ ಫಾರ್ಮ್ 400 ಎಕರೆಗಿಂತ ಜಾಸ್ತಿ ಸರ್ಕಾರಿ ಜಾಗ. ಅದನ್ನ 1992ರಲ್ಲಿ ವಿಜಯ್ ಮಲ್ಯ ಅವರ ಯುಬಿ ಸಮೂಹದ ಕಂಪನಿಗೆ 30 ವರ್ಷಕ್ಕೆ ಲೀಸಿಗೆ ಕೊಟ್ಟರು. ಲೆಕ್ಕ ನೀವೇ ಹಾಕಿ, ಇಡೇಟ್ ಬೇಕಾಗಿಲ್ಲ. 2022ಕ್ಕೆ ಅವಧಿ ಮುಗೀತು. ನಮ್ಮ ಜಿಲ್ಲೆಯ ಅತಿ ಪರಿಚಿತ ಲೀಸ್ ಅದು. ಅಷ್ಟು ದೊಡ್ಡ ಜಾಗ ಆದ್ರೆ ಪೇಪರಲ್ಲಿ ಬರುತ್ತೆ, ಚರ್ಚೆ ಆಗುತ್ತೆ, ಮುಂದೇನು ಅಂತ ಊರೇ ಕೇಳುತ್ತೆ. ಅದೇ 2022ರಲ್ಲಿ ಕುಣಿಗಲ್‌ನಲ್ಲಿ ಇನ್ನೊಂದು ಕರಾರೂ ಮುಗಿದಿತ್ತು. ನಮ್ಮ ಮಾವನ ಪಾತ್ರೆ ಅಂಗಡೀದು. ಅದು ಯಾರಿಗೂ ಗೊತ್ತಾಗಲಿಲ್ಲ. ಮಾಲೀಕರಿಗೂ ಗೊತ್ತಾಗಲಿಲ್ಲ, ನಮಗೂ ಗೊತ್ತಾಗಲಿಲ್ಲ.

ಗುಬ್ಬಿ ಖಾಲಿ ಮಾಡಿದ ಮೇಲೆ, ನವೆಂಬರಲ್ಲಿ, ನಾನು ಮೂರೂ ಕಾಗದ ಇಟ್ಕೊಂಡು ಶೀಟನ್ನ ಸಾಲು ಸಾಲಾಗಿ ತಾಳೆ ನೋಡೋಕೆ ಕೂತೆ. ಕುಣಿಗಲ್ ಸಾಲಲ್ಲಿ ಹಸಿರು ಬಣ್ಣದಲ್ಲಿ "ಟೈಮ್ ಇದೆ" ಅಂತ ಇತ್ತು. ಕಾಗದದಲ್ಲಿ 2019ರ ಜೂನ್ 1ರಿಂದ ಮೂರು ವರ್ಷ, 2022ರ ಮೇ 31ಕ್ಕೆ ಕೊನೆ. ಅಂದ್ರೆ ಹತ್ತಿರ ಹತ್ತಿರ ಒಂದೂವರೆ ವರ್ಷದಿಂದ ಶೀಟ್ ಸುಳ್ಳು ಹೇಳ್ತಾ ಇತ್ತು.

ಏನಾಗಿತ್ತು ಅಂದ್ರೆ, ಹಳೇ ಶೀಟಲ್ಲಿ ಮುಗಿಯೋ ದಿನವನ್ನ ಕೈಯಲ್ಲೇ ಟೈಪ್ ಮಾಡಿದ್ದು. ನಾವು ಕನ್ನಡದಲ್ಲಿ ತಾರೀಖು ಬರೆಯೋದು ಹೇಗೆ? ಮಧ್ಯೆ ಚುಕ್ಕಿ ಇಟ್ಟು. 31.05.2022. ಶಾಲೇಲಿ ಕಲಿತಿದ್ದು ಹಾಗೇ, ಕರಾರು ಪತ್ರದಲ್ಲಿ ಇರೋದೂ ಹಾಗೇ. ನನ್ನ ಎಕ್ಸೆಲ್‌ಗೆ ಅದು ತಾರೀಖು ಅಲ್ಲ, ಬರೀ ಅಕ್ಷರ. ಎಕ್ಸೆಲ್ ಒಳಗೆ ತಾರೀಖು ಅನ್ನೋದು ಒಂದು ಸಂಖ್ಯೆ. 1900ರ ಜನವರಿ 1 ಅಂದ್ರೆ 1, 2025ರ ಜನವರಿ 1 ಅಂದ್ರೆ 45658. ನನ್ನ ಹಳೇ ಫಾರ್ಮುಲಾ ಕೇಳ್ತಿದ್ದದ್ದು, "ಈ ತಾರೀಖು ಇವತ್ತಿಗೆ 30 ಸೇರಿಸಿದ್ದಕ್ಕಿಂತ ದೊಡ್ಡದಾ? ಹೌದಾದ್ರೆ ಟೈಮ್ ಇದೆ." ಅಕ್ಷರಕ್ಕೂ ಸಂಖ್ಯೆಗೂ ಹೋಲಿಕೆ ಮಾಡಿದ್ರೆ ಎಕ್ಸೆಲ್ ಪ್ರಕಾರ ಯಾವಾಗಲೂ ಅಕ್ಷರಾನೇ ದೊಡ್ಡದು. ಹಾಗಾಗಿ ಉತ್ತರ ಯಾವತ್ತೂ "ಹೌದು". ಆ ಸಾಲು ಇನ್ನು ನೂರು ವರ್ಷ ಆದ್ರೂ "ಟೈಮ್ ಇದೆ" ಅಂತಾನೇ ಹೇಳ್ತಿತ್ತು. ಎರರ್ ಬಂದಿದ್ರೆ ನೋಡ್ತಿದ್ದೆ. ಬರಲಿಲ್ಲ, ಹಸಿರಾಗೇ ಕೂತಿತ್ತು.

ಇದನ್ನ ಕಣ್ಣಲ್ಲೇ ಕಂಡುಹಿಡಿಯೋಕೆ ಒಂದು ಉಪಾಯ ಇದೆ. ನೀವು ಅಲೈನ್‌ಮೆಂಟ್ ಮುಟ್ಟಿಲ್ಲ ಅಂದ್ರೆ, ನಿಜವಾದ ತಾರೀಖು ಸೆಲ್‌ನ ಬಲಗಡೆಗೆ ಅಂಟ್ಕೊಂಡಿರುತ್ತೆ, ಅಕ್ಷರ ಎಡಗಡೆಗೆ. ಓರೆ ಗೆರೆ ಇಟ್ಟು ಬರೆಯೋರೂ ಹುಷಾರು. 01/06/2019 ಅಂತ ಬರೆದ್ರೆ, ಸೆಟ್ಟಿಂಗ್ ಅಮೆರಿಕದ್ದು ಇದ್ರೆ ಅದು ಜನವರಿ 6 ಆಗುತ್ತೆ. ಗೂಗಲ್ ಶೀಟ್ಸಲ್ಲಿ ಸೆಟ್ಟಿಂಗ್ಸ್‌ಗೆ ಹೋಗಿ ಲೊಕೇಲ್ ಇಂಡಿಯಾ ಇದ್ಯಾ ನೋಡಿ. ಅನುಮಾನವೇ ಬೇಡ ಅಂದ್ರೆ ಡೇಟ್ ಫಾರ್ಮುಲಾದಲ್ಲೇ ಬರೀರಿ. ಮೊದಲು ವರ್ಷ, ಆಮೇಲೆ ತಿಂಗಳು, ಆಮೇಲೆ ದಿನ, ಮಧ್ಯೆ ಕಾಮಾ. ಅದು ಯಾವ ದೇಶದ ಸೆಟ್ಟಿಂಗಲ್ಲೂ ಬದಲಾಗಲ್ಲ.

ಸರಿ, ತಪ್ಪು ಸಿಕ್ತು. ಈಗ ಮಾವನಿಗೆ ಏನು ಹೇಳೋದು?

ಕಾನೂನಿನ ಪ್ರಕಾರ ನಮ್ಮ ಸ್ಥಿತಿ ಹೀಗಿತ್ತು. ಅವಧಿ ಮುಗಿದ ಮೇಲೂ ನಾವು ಅಂಗಡೀಲೇ ಇದ್ವಿ, ಪ್ರತಿ ತಿಂಗಳು ಬಾಡಿಗೆ ಕಳಿಸ್ತಿದ್ವಿ, ಮಾಲೀಕರು ತಗೊಳ್ತಿದ್ರು. ಸ್ವತ್ತು ವರ್ಗಾವಣೆ ಕಾಯ್ದೆಯ 116ನೇ ಸೆಕ್ಷನ್ ಇದಕ್ಕೇ ಇರೋದು. ಬೇರೆ ಒಪ್ಪಂದ ಇಲ್ಲದಿದ್ರೆ ಅಂಥ ಬಾಡಿಗೆ ತಿಂಗಳಿಂದ ತಿಂಗಳಿಗೆ ಮುಂದುವರಿದ ಹಾಗೆ. ಅಂದ್ರೆ ನಾವು ಅತಿಕ್ರಮಣ ಮಾಡಿದೋರಲ್ಲ. ಆದರೆ 15 ದಿನದ ನೋಟಿಸ್ ಕೊಟ್ಟು ಎಬ್ಬಿಸಬಹುದಾಗಿತ್ತು. ಗುಬ್ಬೀಲಾದ್ರೂ ಒಂದು ತಿಂಗಳು ಸಿಕ್ಕಿತ್ತು.

ಇನ್ನೊಂದು ಕಡೆ ಲಾಭನೂ ಇತ್ತು. ಹೊಸ ಕರಾರು ಆಗಿಲ್ಲ ಅಂದಮೇಲೆ ಬಾಡಿಗೆನೂ ಏರಿರಲಿಲ್ಲ. ಒಂದೂವರೆ ವರ್ಷ ಹಳೇ ಬಾಡಿಗೆ. ಮಾಲೀಕರು ವಯಸ್ಸಾದವರು, ಒಬ್ಬರೇ ಇರೋರು. ದುಡ್ಡು ಫೋನಿಗೆ ಬರುತ್ತೆ, ಬಂತು ಅಂತ ಸುಮ್ಮನಿದ್ರು. ನಾನು ಕಾಮರ್ಸ್ ತಲೆ ಓಡಿಸಿದೆ. "ಮಾವ, ಅವರು ಕೇಳೋವರೆಗೂ ಸುಮ್ನಿದ್ದುಬಿಡೋಣ. ಈಗ ಗುಬ್ಬಿ ನಷ್ಟ ಬೇರೆ ಇದೆ. ಕೇಳಿದಾಗ ನೋಡ್ಕೊಂಡ್ರೆ ಆಯ್ತು" ಅಂದೆ.

ಮಾವ ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, "ಗುಬ್ಬಿಯವರಿಗೆ ಜುಲೈನಲ್ಲೇ ಗೊತ್ತಿತ್ತು. ಒಂದು ಫೋನ್ ಮಾಡ್ಬಹುದಾಗಿತ್ತು, ಮಾಡ್ಲಿಲ್ಲ ಅಂತ ನಾವು ಎಷ್ಟು ಬೈಕೊಂಡ್ವಿ? ಈಗ ನಮಗೆ ಗೊತ್ತಿದೆ. ನಾವು ಸುಮ್ನಿದ್ರೆ ಏನು ವ್ಯತ್ಯಾಸ?" ಅಂದ್ರು.

ಮಾರನೇ ಭಾನುವಾರ ಕುಣಿಗಲ್‌ಗೆ ಹೋದ್ವಿ. ಮಾವ ಕರಾರು ಪತ್ರ ಬಿಚ್ಚಿ, "ಅಮ್ಮ, ಇದು ಮುಗಿದು ಒಂದೂವರೆ ವರ್ಷ ಆಯ್ತು, ನಾವು ನೋಡ್ಕೊಳ್ಳಲಿಲ್ಲ" ಅಂದ್ರು. ಆ ಅಮ್ಮ ಕನ್ನಡಕ ಹುಡುಕಿ ಹಾಕ್ಕೊಂಡು ಎಲ್ಲಾ ಪುಟ ಓದಿದ್ರು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ, "ಬಿಟ್ಟು ಹೋಗ್ತೀರೇನು?" ಅವರಿಗೂ ಅದೇ ಭಯ. ತಿಂಗಳಿಗೆ ಬರೋ ಆ ಬಾಡಿಗೆ ಅವರಿಗೆ ಔಷಧಿ ದುಡ್ಡು. ಅಂಗಡಿ ಖಾಲಿ ಬಿದ್ರೆ ಏನು ಅಂತ ಅವರಿಗೆ ಚಿಂತೆ. ನಾನು ಅಲ್ಲಿವರೆಗೂ ಕರಾರು ಅಂದ್ರೆ ಬಾಡಿಗೆದಾರನ ತಲೆನೋವು ಅಂತಾನೇ ಅಂದ್ಕೊಂಡಿದ್ದೆ.

ಬಾಡಿಗೆ ಏರಿಸಿ, 2024ರ ಜನವರಿ 1ರಿಂದ ಮೂರು ವರ್ಷಕ್ಕೆ ಹೊಸ ಕರಾರು ಮಾಡಿ, ನೋಂದಣಿ ಮಾಡಿಸಿದ್ವಿ. ಈ ಸಲ ಕೊನೇ ತಾರೀಖು ಸ್ಪಷ್ಟವಾಗಿ ಬರೆಸಿದ್ವಿ. 90 ದಿನ ಮುಂಚೆ ತಿಳಿಸಿದ್ರೆ ಮುಂದುವರಿಸೋ ಹಕ್ಕು ಅನ್ನೋದನ್ನೂ ಬರೆಸಿದ್ವಿ. ಗುಬ್ಬಿಯ ಅಕ್ಕನಿಗೆ ಕುಣಿಗಲ್ ಇನ್ನೂ ದೂರ, ಅದನ್ನ ಸರಿ ಮಾಡೋಕೆ ನಮ್ಮಿಂದ ಆಗಲಿಲ್ಲ.

ಮುಗಿಸೋ ಮುಂಚೆ ಈ ಶೀಟಿಂದ ಆಗದೇ ಇರೋದನ್ನೂ ಹೇಳಿಬಿಡ್ತೀನಿ.

ಮೊದಲನೇದು, ಶೀಟ್ ನಿಮಗೆ ಫೋನ್ ಮಾಡಲ್ಲ. ಕೆಂಪಾದ್ರೂ ತೆರೆದು ನೋಡಿದೋರಿಗೆ ಮಾತ್ರ ಕಾಣುತ್ತೆ. ಹಾಗಾಗಿ ಎಫ್ ಕಾಲಂನ ತಾರೀಖನ್ನ ಫೋನ್ ಕ್ಯಾಲೆಂಡರಿಗೂ ಹಾಕಿ, ಮನೆಯಲ್ಲಿ ಇಬ್ಬರ ಫೋನಲ್ಲಿ. ಬಾಡಿಗೆ ಕಳಿಸೋ ದಿನವೇ ಶೀಟ್ ತೆರೆಯೋ ಅಭ್ಯಾಸ ಇಟ್ಕೊಂಡ್ರೆ ಇನ್ನೂ ಒಳ್ಳೇದು.

ಎರಡನೇದು, ಮಾತಾಡೋ ದಿನ ಅಂತ ನಾನು ಹೇಳ್ತಿದ್ರೂ ಬಾಯಿಮಾತು ಸಾಕಾಗಲ್ಲ. ಕರಾರಲ್ಲಿ "ಲಿಖಿತವಾಗಿ" ಅಂತ ಇದ್ರೆ ಪತ್ರವೇ ಬೇಕು. ಫೋನ್ ಮಾಡಿ, ಕಾಫಿ ಕುಡೀರಿ, ಎಲ್ಲಾ ಮಾತಾಡಿ. ಆದರೆ ಸಹಿ ಹಾಕಿದ ಪತ್ರವನ್ನ ತಲುಪಿದ್ದಕ್ಕೆ ಪುರಾವೆ ಸಿಗೋ ಹಾಗೆ ಅಂಚೆಯಲ್ಲಿ ಕಳಿಸಿ, ಇಲ್ಲಾ ಕೈಗೆ ಕೊಟ್ಟು ನಕಲಿನ ಮೇಲೆ ಸಹಿ ತಗೊಳ್ಳಿ. ಅದರ ಫೋಟೋ ಶೀಟಲ್ಲೇ ಲಿಂಕ್ ಮಾಡಿಡಿ. ಷರತ್ತು ಅರ್ಥ ಆಗದಿದ್ರೆ ಕಾಗದ ತಗೊಂಡು ವಕೀಲರ ಹತ್ರ ಒಂದ್ಸಲ ಹೋಗಿ ಬನ್ನಿ. ಒಂದು ಸೀಸನ್ ವ್ಯಾಪಾರಕ್ಕಿಂತ ಅವರ ಫೀಸು ಕಮ್ಮೀನೇ.

ಮೂರನೇದು, ನಿಮ್ಮ ಮಳಿಗೆ ಸರ್ಕಾರದ್ದಾದ್ರೆ, ಅಂದ್ರೆ ತುಮಕೂರು ಮಹಾನಗರ ಪಾಲಿಕೇದು, ಕುಣಿಗಲ್ ಪುರಸಭೇದು, ಗುಬ್ಬಿ ಪಟ್ಟಣ ಪಂಚಾಯಿತೀದು, ಅಲ್ಲಿ ಲೆಕ್ಕವೇ ಬೇರೆ. ಮಾಲೀಕರ ಮನೆಗೆ ಹೋಗಿ ಮಾತಾಡಿ ಮುಂದುವರಿಸ್ಕೊಳ್ಳೋ ಹಾಗಲ್ಲ, ಹರಾಜಿನ ಪ್ರಕ್ರಿಯೆ ಇರುತ್ತೆ. ಅವಧಿ ಮುಗಿದ ಮೇಲೂ ಕೂತಿರೋರನ್ನ ತೆರವು ಮಾಡಿಸೋಕೆ 1974ರ ಸಾರ್ವಜನಿಕ ಆವರಣಗಳ ಕಾಯ್ದೆ ಅಂತ ಪ್ರತ್ಯೇಕ ಕಾನೂನೇ ಇದೆ. ಅಂಥ ಸಾಲಿಗೆ 60 ದಿನ ಅಲ್ಲ, ಒಂದು ವರ್ಷ ಮುಂಚೆ ಹಳದಿ ಬರೋ ಹಾಗೆ ಇಟ್ಕೊಳ್ಳಿ.

ಇವತ್ತು ಮನೆಗೆ ಹೋದಮೇಲೆ ಒಂದು ಕೆಲಸ ಮಾಡಿ. ಅಪ್ಪನೋ ಅಮ್ಮನೋ ಮಾವನೋ, ಯಾರದ್ದಾದ್ರೂ ಅಂಗಡಿ ಇದ್ರೆ, "ಕರಾರು ಪತ್ರ ಎಲ್ಲಿದೆ?" ಅಂತ ಕೇಳಿ. ಬೀರು ಒಳಗೆ, ಸೀರೆ ಕೆಳಗೆ, ಪ್ಲಾಸ್ಟಿಕ್ ಕವರಲ್ಲಿ ಎಲ್ಲೋ ಇರುತ್ತೆ. ತೆಗೆದು ಕೊನೇವರೆಗೂ ಓದಿ. ನಮ್ಮದರಲ್ಲಿ ಮುಖ್ಯವಾದ ಸಾಲು ನಾಲ್ಕನೇ ಪುಟದಲ್ಲಿತ್ತು, ಐದು ವರ್ಷ ಯಾರೂ ಆ ಪುಟ ತಿರುಗಿಸಿರಲಿಲ್ಲ. ನಿಮ್ಮದೇ ಮಳಿಗೆ ಬಾಡಿಗೆಗೆ ಕೊಟ್ಟಿದ್ರೂ ಇದೇ ಶೀಟ್ ಸಾಕು. ಮಾತಾಡೋ ದಿನ ಹತ್ರ ಬಂದಾಗ ಬಾಡಿಗೆದಾರರಿಗೆ ಒಂದು ಫೋನ್ ಮಾಡಿ, ಅಷ್ಟೇ.

ನಮ್ಮ ಕುಣಿಗಲ್ ಕರಾರು 2026ರ ಡಿಸೆಂಬರ್ 31ಕ್ಕೆ ಮುಗಿಯುತ್ತೆ. 90 ದಿನ ಹಿಂದಕ್ಕೆ ಎಣಿಸಿದ್ರೆ ಅಕ್ಟೋಬರ್ 2. ಗಾಂಧಿ ಜಯಂತಿ, ಪೋಸ್ಟ್ ಆಫೀಸ್ ರಜಾ. ಅದಕ್ಕೆ ಕ್ಯಾಲೆಂಡರಲ್ಲಿ ಸೆಪ್ಟೆಂಬರ್ 1 ಅಂತ ಹಾಕಿದ್ದೀನಿ. ನನ್ನ ಫೋನಲ್ಲಿ, ಮಾವನ ಫೋನಲ್ಲಿ, ಆಮೇಲೆ ಆ ಅಮ್ಮ ಕೇಳಿದ್ರು ಅಂತ ಅವರ ಫೋನಲ್ಲೂ.

ಮುಂದಿನ ವಾರ ಸಿಗೋಣ. ನಮಸ್ಕಾರ.